ಗಂಟುಮೂಟೆಯ ಬಾಣಂತನ

ಮನೆ ಖಾಲಿ ಮಾಡುವ ವಿದ್ಯೆ ನಮ್ಮ ಶೆಟ್ಟಿಕೊಪ್ಪದ ಕಡೆಯವರಿಗೆ ಬರುವುದಿಲ್ಲ. ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಎದ್ದು ಬಂದವರಿದ್ದಾರೆ. ಅವರ ಸಂಕಟವೇ ಬೇರೆ, ಅದನ್ನು ಇಂಥ ಹಗುರ ಮಾತಿಗೆ ಎಳೆಯಬಾರದು. ಉಳಿದ ನಾವೆಲ್ಲ ಹುಟ್ಟಿದ ಮನೆಯಲ್ಲೋ ಮದುವೆಯಾಗಿ ಬಂದ ಮನೆಯಲ್ಲೋ ಸಾಮಾನು ಪೇರಿಸಿಕೊಂಡು ಕೂತವರು. ನಮ್ಮ ಮನೆಯ ಅಟ್ಟ ಹತ್ತಿ ನೋಡಿ. ನನ್ನ ಅತ್ತೆಯ ಕಾಲದ ಕಂಬಳಿಕೊಪ್ಪೆ, ಗೊರಬು, ಹಿಡಿ ಮುರಿದ ಹಿತ್ತಾಳೆ ಸೌಟು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದಕೈ ಗೊಂಚಲು, ಈ ಮನೆಯ ಮಕ್ಕಳನ್ನೆಲ್ಲ ತೂಗಿ ಈಗ ಕಾಲು ಅಲ್ಲಾಡುವ ತೊಟ್ಟಿಲು, ಎಲ್ಲ ಅಲ್ಲೇ ಇವೆ. ‘ಇರಲಿ, ಯಾವತ್ತಾದರೂ ಬೇಕಾಗುತ್ತದೆ’ ಎಂಬ ಒಂದೇ ಮಾತಿನ ಮೇಲೆ ಮಲೆನಾಡಿನ ಅಟ್ಟಗಳೆಲ್ಲ ನಿಂತಿವೆ.

ಇಂಥ ಮನೆಯ ನಮ್ಮಿಬ್ಬರನ್ನು ಮಗ ಹೋದ ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿಗೆ ಕರೆಸಿಕೊಂಡದ್ದು ಮನೆ ಖಾಲಿ ಮಾಡಿಸಲಿಕ್ಕೆ!

ಅದಕ್ಕೆ ಮುಂಚೆ ಹೋದದ್ದು ಸೊಸೆಯ ಎರಡನೇ ಬಾಣಂತನಕ್ಕೆ. ವಿದೇಶದಲ್ಲಿ ಮಕ್ಕಳಿರುವ ಎಲ್ಲ ಅಪ್ಪ ಅಮ್ಮಂದಿರೂ ಹೀಗೇ ಹೋಗುವುದು. ಪೆಟ್ಟಿಗೆಯಲ್ಲಿ ಮೆಂತ್ಯ, ಶುಂಠಿ, ಓಮ, ಬಜೆ, ಜಾಯಿಕಾಯಿ, ಹಳೇ ಪಂಚೆ ಹರಿದ ಮೆತ್ತನೆ ಬಟ್ಟೆ. ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು. ಅಷ್ಟರೊಳಗೆ ಬಾಣಂತಿಗೆ ನೀರೆರೆದು, ಮಗುವಿಗೆ ಎಣ್ಣೆ ತಿಕ್ಕಿ, ನಡುವೆ ಬಿಡುವು ಮಾಡಿಕೊಂಡು ಪ್ಯಾರಿಸ್ಸಿನ ಗೋಪುರದ ಕೆಳಗೆ ಒಂದು ಫೋಟೊ, ಸ್ವಿಸ್ ಹಿಮದ ಮೇಲೆ ಸೀರೆಗೆ ಬೂಟು ಹಾಕಿಕೊಂಡು ಒಂದು ಫೋಟೊ. ಊರಿಗೆ ಬಂದ ಮೇಲೆ ಕೊಪ್ಪದ ಮದುವೆಮನೆಗಳಲ್ಲಿ ಊಟದ ಪಂಕ್ತಿಗೆ ಕಾಯುತ್ತ ಅವನ್ನೆಲ್ಲ ತೋರಿಸುವುದು. ನಾವೂ ತೋರಿಸಿದ್ದೇವೆ.

ಈ ಸಲ ಮಗ ಫೋನಿನಲ್ಲಿ ಹೇಳಿದ: “ಮನೆ ಬಿಡುತ್ತೇವೆ ಅಂತ ಬರೆದುಕೊಟ್ಟಾಯ್ತು ಅಮ್ಮ. ಮೂರು ತಿಂಗಳು ಮೊದಲೇ ಹೇಳಬೇಕು ಇಲ್ಲಿ. ಎರಡು ಮಕ್ಕಳನ್ನು ಇಟ್ಟುಕೊಂಡು ಇದೆಲ್ಲ ಆಗುವ ಕೆಲಸ ಅಲ್ಲ. ಅಪ್ಪಯ್ಯನನ್ನೂ ಹೊರಡಿಸು.”

“ಅಡಿಕೆ ಕೊಯ್ಲಿನ ಹೊತ್ತಿಗೆ ಎಂತ ಜರ್ಮನಿ ಮಾರಾಯ್ತಿ?” ಅಂದರು ಇವರು. ಅದೂ ನ್ಯಾಯವೇ. ಆದರೆ ಎಲೆಚುಕ್ಕಿ ರೋಗ ಬಂದ ಮೇಲೆ ಕೊಯ್ಲಿಗೆ ಮೊದಲಿನ ಗೌಜು ಉಳಿದಿಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನು ನುಂಗುತ್ತ ಬಂದದ್ದನ್ನು ನೋಡಿಯೇ ನಮ್ಮ ತಲೆಮಾರಿನವರು ಮಕ್ಕಳನ್ನು ಇಂಜಿನಿಯರಿಂಗಿಗೆ ಅಟ್ಟಿದ್ದು. ಅಟ್ಟಿದವರು ನಾವೇ ಆದ ಮೇಲೆ ಕರೆದಾಗ ಹೋಗಬೇಡವೇ? ಫಸಲನ್ನು ಚೇಣಿಗೆ ಕೊಟ್ಟು ಹೊರಟೆವು.

ಮಗ, ಸೊಸೆ ಯಾಕೆ ಜರ್ಮನಿ ಬಿಟ್ಟು ವಾಪಸ್ ಬರುತ್ತಿದ್ದಾರೆ ಎಂಬ ಪ್ರಶ್ನೆಗೆ ಊರಿನಲ್ಲಿ ಆಗಲೇ ಬಗೆಬಗೆಯ ಉತ್ತರಗಳು ತಯಾರಾಗಿದ್ದವು. ಕೆಲಸ ಹೋಯಿತಂತೆ ಎಂಬುದು ಅದರಲ್ಲಿ ಮುಖ್ಯವಾದದ್ದು. ಮರ್ಸಿಡಿಸ್, ಪೋರ್ಷೆ, ಬಾಷ್ ಮೂರಕ್ಕೂ ಸ್ಟುಟ್‌ಗಾರ್ಟಿನ ಆಸುಪಾಸೇ ಮೂಲಸ್ಥಾನ. ಮೋಟಾರು ಉದ್ಯಮದಲ್ಲಿ ಸಾವಿರಗಟ್ಟಲೆ ಜನರನ್ನು ಕಡಿಮೆ ಮಾಡುವ ಸುದ್ದಿ ಎರಡು ವರ್ಷದಿಂದ ಪೇಪರಿನಲ್ಲಿ ಬರುತ್ತಲೇ ಇದೆ. ಆದರೆ ನಮ್ಮವನ ಕೆಲಸ ಹೋಗಿರಲಿಲ್ಲ. ಕಾರಣ ಮೊಮ್ಮಗನ ಒಂದನೇ ಕ್ಲಾಸು.

ಜರ್ಮನಿಯಲ್ಲಿ ಒಂದನೇ ಕ್ಲಾಸಿಗೆ ಸೇರುವ ದಿನ ಮಗುವಿನ ಕೈಗೆ ರಟ್ಟಿನ ದೊಡ್ಡದೊಂದು ಪೊಟ್ಟಣ ಕೊಡುತ್ತಾರೆ. ನಮ್ಮ ಅಂಗಡಿಯವರು ಪೇಪರಿನಲ್ಲಿ ಕಡಲೆ ಕಟ್ಟಿಕೊಡುತ್ತಾರಲ್ಲ, ಅದೇ ಆಕಾರ, ಆದರೆ ಮಗುವಿನ ಅರ್ಧ ಎತ್ತರ. ಒಳಗೆ ಚಾಕಲೇಟು, ಪೆನ್ಸಿಲು, ಆಟಿಗೆ. ಷುಲ್‌ಟ್ಯೂಟೆ ಅಂತ ಅದರ ಹೆಸರು. ನಾವು ಹೋದ ಸೆಪ್ಟೆಂಬರಿನಲ್ಲಿ ಮೊಮ್ಮಗನಿಗಿಂತ ದೊಡ್ಡ ಮಕ್ಕಳು ಅದನ್ನು ಅಪ್ಪಿಕೊಂಡು ರಸ್ತೆಯಲ್ಲಿ ಹೋಗುವುದನ್ನು ಇವನು ಕಿಟಕಿಯಿಂದ ನೋಡಿದ್ದಾನೆ. ಮುಂದಿನ ವರ್ಷ ಇವನ ಸರದಿ. “ಅದು ಇವನ ಕೈಗೆ ಬಂತೆಂದರೆ ಮುಗೀತು ಅತ್ತೆ, ಆಮೇಲೆ ನಾವು ಹೊರಡುವುದಿಲ್ಲ” ಎಂದಳು ಸೊಸೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಗು ಯೂನಿವರ್ಸಿಟಿಯ ದಾರಿ ಹಿಡಿಸುವ ಗಿಮ್ನಾಸಿಯಮ್ ಎಂಬ ಶಾಲೆಗೆ ಹೋಗುವುದೋ ಬೇರೆ ಥರದ ಶಾಲೆಗೋ ಎಂದು ಶಿಫಾರಸು ಬರೆಯುತ್ತಾರೆ. ಹತ್ತನೇ ವಯಸ್ಸಿಗೇ ಮಗುವಿನ ದಾರಿ ಕವಲಾಗುವುದು ಪ್ರೈಮರಿ ಸ್ಕೂಲ್ ಟೀಚರಾಗಿದ್ದ ನನಗೆ ಸರಿಕಾಣಲಿಲ್ಲ. ಹತ್ತರಲ್ಲಿ ಪೆದ್ದನಂತಿದ್ದು ಹದಿನಾರರಲ್ಲಿ ಎದ್ದು ನಿಂತ ಎಷ್ಟು ಹುಡುಗರನ್ನು ನಾನು ನೋಡಿಲ್ಲ! ಆದರೆ ಬೆಂಗಳೂರಿನಲ್ಲಿ ಈ ಕವಲು ಎಲ್‌ಕೆಜಿಗೇ ಒಡೆಯುತ್ತದೆ, ಅದೂ ಅಪ್ಪನ ಜೇಬು ನೋಡಿ. ಯಾವುದು ವಾಸಿ ಎಂದು ಸೊಸೆ ನನ್ನನ್ನು ಕೇಳಲಿಲ್ಲ, ಒಳ್ಳೆಯದೇ ಆಯಿತು.

ಅಲ್ಲಿಯ ಕನ್ನಡದ ಗೆಳೆಯರೆಲ್ಲ ಬೀಳ್ಕೊಡುವ ಊಟಕ್ಕೆ ಕರೆದರು. ಚಿತ್ರಾನ್ನ, ಕೋಸಂಬರಿ ಬಡಿಸುತ್ತ ಎಲ್ಲರೂ ಕೇಳಿದ್ದು ಒಂದೇ ಮಾತು: “ಐದು ವರ್ಷಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತಲ್ಲ, ಮುಗಿಸಿಕೊಂಡೇ ಹೊರಡಬಾರದಿತ್ತಾ?” ವಿಷಯ ಏನೆಂದರೆ, 2024ರ ಜೂನಿನಲ್ಲಿ ಜರ್ಮನಿ ತನ್ನ ಪೌರತ್ವದ ಕಾನೂನು ಸಡಿಲಿಸಿತು. ಮೊದಲು ಎಂಟು ವರ್ಷ ಕಾಯಬೇಕಾದದ್ದು ಈಗ ಐದಕ್ಕೆ ಇಳಿದಿದೆ. ಹಳೆಯ ಪೌರತ್ವ ಬಿಡಬೇಕೆಂದೂ ಜರ್ಮನಿ ಈಗ ಹೇಳುವುದಿಲ್ಲ. ಬಿಡಲೇಬೇಕು ಅನ್ನುವುದು ನಮ್ಮ ದೇಶ. ಆಮೇಲೆ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡು ಹಿಡಿದುಕೊಂಡು ಬಂದು ಹೋಗಿ ಮಾಡಬಹುದು.

ಇದನ್ನು ಮಗ ಬಿಡಿಸಿ ಹೇಳಿದಾಗ ಇವರು ಕೇಳಿದ್ದು ಒಂದೇ ಪ್ರಶ್ನೆ. “ಹಾಗಾದರೆ ತೋಟ?”

“ನಿಮ್ಮಿಂದ ಬಂದದ್ದು ಬರುತ್ತೆ ಅಪ್ಪಯ್ಯ. ಪಿತ್ರಾರ್ಜಿತಕ್ಕೆ ತೊಂದರೆ ಇಲ್ಲ.”

“ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂತು ಅಂತಿಟ್ಟುಕೋ.”

“ತಗೊಳ್ಳುವ ಹಾಗಿಲ್ಲ. ಕೃಷಿ ಜಮೀನು ಓಸಿಐನವರು ಕೊಳ್ಳುವ ಹಾಗಿಲ್ಲ.”

ಪಕ್ಕದ ಅರ್ಧ ಎಕರೆ ಇವರು ಮದುವೆಯಾದಾಗಿನಿಂದ ಕಣ್ಣಿಟ್ಟದ್ದು, ಅದು ಮಾರಾಟಕ್ಕೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೂ ಅವತ್ತು ಇವರು ರಾತ್ರಿ ಎರಡು ಸಲ ಎದ್ದು ನೀರು ಕುಡಿದರು.

ಐದು ವರ್ಷದ ಗೆರೆಗೆ ಇನ್ನೊಂದು ಮಗ್ಗುಲೂ ಉಂಟು. ಅಲ್ಲಿ ಸಂಬಳದಲ್ಲಿ ಶೇ 9.3ರಷ್ಟು ಪಿಂಚಣಿಗೆಂದು ಮುರಿದುಕೊಳ್ಳುತ್ತಾರೆ, ಅಷ್ಟನ್ನೇ ಕಂಪನಿಯೂ ಹಾಕುತ್ತದೆ. ಅರವತ್ತು ತಿಂಗಳು ತುಂಬುವ ಮೊದಲು ದೇಶ ಬಿಟ್ಟ ನಮ್ಮಂಥವರು ಎರಡು ವರ್ಷ ಕಾದು ಅರ್ಜಿ ಹಾಕಿದರೆ ತಮ್ಮ ಪಾಲಿನ ಹಣ ವಾಪಸ್ ಪಡೆಯಬಹುದು. ತುಂಬಿದ ಮೇಲೆ ಹೊರಟರೆ ಮುದುಕರಾಗುವವರೆಗೆ ಕಾದು ಪಿಂಚಣಿಯಾಗಿಯೇ ತಿನ್ನಬೇಕು. ಗೆರೆಯ ಆಚೆ ಪಾಸ್‌ಪೋರ್ಟು, ಈಚೆ ಕೈಗೆ ಬರುವ ದುಡ್ಡು. ಎಷ್ಟೋ ಸಂಸಾರಗಳ ಭವಿಷ್ಯ ಹೀಗೆ ಕ್ಯಾಲೆಂಡರಿನ ಒಂದು ಚೌಕದ ಎಡಕ್ಕೋ ಬಲಕ್ಕೋ ತೀರ್ಮಾನವಾಗುತ್ತದೆ; ಬೀಳ್ಕೊಡುವ ಊಟದಲ್ಲಿ ಯಾರೂ ತಾಯ್ನಾಡಿನ ಸೆಳೆತದ ಮಾತೆತ್ತಲಿಲ್ಲ.

ಇನ್ನು ಖಾಲಿ ಮಾಡುವ ಕೆಲಸ. ಜರ್ಮನಿಯಲ್ಲಿ ಬಾಡಿಗೆ ಮನೆ ಅಂದರೆ ಎಷ್ಟೋ ಕಡೆ ನಾಲ್ಕು ಗೋಡೆ ಮತ್ತು ಸೂರಿನಿಂದ ಜೋತುಬಿದ್ದ ವೈರು, ಅಷ್ಟೇ. ಬಲ್ಬು, ಅದರ ಬುರುಡೆ, ಒಲೆ, ಸಿಂಕು, ಅಡುಗೆಮನೆಯ ಕಪಾಟು ಎಲ್ಲ ಬಂದವರು ತಂದು ಹಾಕಿಕೊಳ್ಳಬೇಕು, ಹೋಗುವಾಗ ಕಿತ್ತುಕೊಂಡು ಹೋಗಬೇಕು. ಮಗ ಹಿಂದಿನ ಬಾಡಿಗೆದಾರರಿಂದ ಅಡುಗೆಮನೆಯನ್ನು ಕೊಂಡುಕೊಂಡಿದ್ದ, ಮುಂದೆ ಬರುವವರಿಗೆ ಮಾರಿದ. ಅಡುಗೆಮನೆ ಮಾರುವುದು ಎಂಬ ಮಾತೇ ನನ್ನ ಕಿವಿಗೆ ಅಪಶಕುನದಂತೆ ಕೇಳಿಸಿತು.

ಗೋಡೆಗಳು ಬೆಳ್ಳಗಿರಬೇಕು. ಮೊಳೆ ಹೊಡೆದ ತೂತೆಲ್ಲ ಮುಚ್ಚಿರಬೇಕು. ಇವರಿಗೆ ಸಿಕ್ಕಿದ್ದು ಪುಟ್ಟಿ ಹಚ್ಚುವ ಕೆಲಸ. ನಮ್ಮ ಮನೆಯಲ್ಲಿ ಅಡಿಕೆ ಮಂಡಿಯ ಕ್ಯಾಲೆಂಡರಿಗೆ ಹೊಡೆದ ಮೊಳೆ ತುಕ್ಕು ಹಿಡಿದು ಬಾಗಿದರೂ ಕೀಳುವವರಿಲ್ಲ, ಮುಂದಿನ ವರ್ಷದ ಕ್ಯಾಲೆಂಡರು ಅದೇ ಮೊಳೆಗೆ, ಹಳೆಯದರ ಮೇಲೆ. ಅಂಥ ಮನುಷ್ಯ ಬೆರಳ ತುದಿಯಲ್ಲಿ ಬಿಳಿ ಪುಟ್ಟಿ ಹಿಡಿದುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಗೋಡೆಗೆ ಕಿವಿಗೊಟ್ಟ ಹಾಗೆ ನಿಂತು ತೂತು ಹುಡುಕುತ್ತಿದ್ದರು. ಒಂದೊಂದು ತೂತಿಗೂ ಮಗನನ್ನು ಕರೆಯುವುದು. “ಇಲ್ಲಿ ಎಂತ ಇತ್ತು?” ಶಾರದಾಂಬೆಯ ಫೋಟೊ. “ಇಲ್ಲಿ?” ಮಗು ಹುಟ್ಟಿದಾಗ ಆಸ್ಪತ್ರೆಯವರು ಒತ್ತಿಸಿಕೊಟ್ಟ ಪಾದದ ಅಚ್ಚು. “ಇಷ್ಟು ಮೇಲೆ?” ಅದು ಚಳಿಗಾಲದಲ್ಲಿ ಕತ್ತಲೆ ಜಾಸ್ತಿ ಅಂತ ಸೊಸೆ ತೂಗುಹಾಕಿದ್ದ ದೀಪದ ಸರದ್ದು. ವಾರಕ್ಕೊಮ್ಮೆ ವೀಡಿಯೊ ಕಾಲ್ ಮಾಡಿದರೂ ಆ ಗೋಡೆಗಳನ್ನು ಅವರು ಸರಿಯಾಗಿ ನೋಡಿದ್ದು ಮುಚ್ಚುವಾಗಲೇ.

ನನ್ನ ಪಾಲಿಗೆ ಬಂದದ್ದು ಒಲೆಯ ಹಿಂದಿನ ಗೋಡೆ. ದಿನಕ್ಕೆರಡು ಒಗ್ಗರಣೆ, ಅರಿಸಿನ, ಸಾಸಿವೆ ಸಿಡಿದ ಚುಕ್ಕೆ, ಹಪ್ಪಳದ ಹೊಗೆ. ಸೋಪು, ನಿಂಬೆಹುಳಿ, ವಿನೆಗರ್ ಎಲ್ಲ ಆಯಿತು. ಅರಿಸಿನ ಜಗ್ಗಲಿಲ್ಲ. ಕಡೆಗೆ ಸೊಸೆ ಎರಡು ಕೋಟು ಬಿಳಿ ಬಣ್ಣ ಬಳಿದಳು. ಒಣಗಿದ ಮೇಲೆ ಪಕ್ಕಕ್ಕೆ ನಿಂತು ನೋಡಿದರೆ ಹಳದಿ ಇನ್ನೂ ಇಣುಕುತ್ತಿತ್ತು. ಮೂರನೇ ಕೋಟಿಗೆ ಅಡಗಿತು.

ಇದೆಲ್ಲವನ್ನೂ ಹೊತ್ತುಗೊತ್ತು ನೋಡಿ ಮಾಡಬೇಕು. ರಾತ್ರಿ ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ಸುತ್ತಿಗೆ ಎತ್ತುವ ಹಾಗಿಲ್ಲ, ಗಾಜಿನ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದರೂ ಯಾರಾದರೂ ಕಿಟಕಿ ತೆರೆಯುತ್ತಾರೆ. ಸ್ಟುಟ್‌ಗಾರ್ಟಿನವರಿಗೆ ಇನ್ನೊಂದು ವಿಶೇಷ ಇದೆ, ಕೆಯರ್‌ವೊಖೆ. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವುದು ಒಂದೊಂದು ವಾರ ಒಂದೊಂದು ಮನೆಯವರ ಪಾಳಿ. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಫಲಕ ತೂಗುಹಾಕಿರುತ್ತಾರೆ. ಶತಮಾನಗಳ ಪದ್ಧತಿಯಂತೆ. 1988ರಲ್ಲಿ ನಗರಾಡಳಿತ ತನ್ನ ಕಡ್ಡಾಯವನ್ನು ಕೈಬಿಟ್ಟರೂ ಮನೆಯ ಕರಾರುಪತ್ರಗಳಲ್ಲಿ ಅದು ಜೀವಂತವಾಗಿದೆ. ನಾವಿದ್ದಾಗ ಫಲಕ ಕಡೆಯ ಸಲ ನಮ್ಮ ಬಾಗಿಲಿಗೆ ಬಂತು. ಶೆಟ್ಟಿಕೊಪ್ಪದಲ್ಲಿ ಬೆಳಕು ಹರಿಯುವ ಮುಂಚೆ ಅಂಗಳ ಗುಡಿಸಿ ಸಗಣಿ ನೀರು ಹಾಕುವವಳು ನಾನು. ನನಗೆ ಇದರಲ್ಲಿ ಪಾಠ ಬೇಕಾಗಿರಲಿಲ್ಲ. ಕೆಳಗಿನ ಮನೆಯ ವೃದ್ಧೆ ಬಾಗಿಲ ಸಂದಿಯಿಂದ ನೋಡಿ, ಮೆಟ್ಟಿಲ ಮೂಲೆಯನ್ನು ಬೆರಳಿನಿಂದ ತೋರಿಸಿ, ತಲೆ ಆಡಿಸಿ ಒಳಗೆ ಹೋದರು. ಮೆಚ್ಚಿಕೊಂಡದ್ದೋ ತಪ್ಪು ಹಿಡಿದದ್ದೋ ತಿಳಿಯಲಿಲ್ಲ. ಮಗನನ್ನು ಕೇಳಿದರೆ, “ನಾಲ್ಕು ವರ್ಷದಿಂದ ನನಗೂ ತಿಳಿದಿಲ್ಲ ಅಮ್ಮ” ಅಂದ.

ಸಾಮಾನು ದಾಟಿಸುವುದು ಬೇರೆಯೇ ರಾಮಾಯಣ. ಸೋಫಾ, ಮಂಚ, ಸೈಕಲ್ಲುಗಳನ್ನು ಮೊಬೈಲಿನಲ್ಲಿ ಹಾಕಿ ಮಾರಿದರು. ಕಾಲು ಬೆಲೆಗೆ ಇಟ್ಟದ್ದನ್ನೂ ಅರ್ಧಕ್ಕೆ ಕೇಳುವವರು ಜಗತ್ತಿನಲ್ಲೆಲ್ಲ ಇದ್ದಾರೆಂದು ಗೊತ್ತಾಯಿತು. ಮಾರಾಟವಾಗದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ‘ಬೇಕಾದವರು ಒಯ್ಯಬಹುದು’ ಎಂದು ಬರೆದು ಮನೆ ಮುಂದೆ ಇಡುವುದು ಅಲ್ಲಿನ ರೂಢಿ. ಸೊಸೆ ಬೆಳಿಗ್ಗೆ ಇಟ್ಟದ್ದರಲ್ಲಿ ಕೆಲವನ್ನು ಇವರು ಸಂಜೆ ಒಳಗೆ ತರುತ್ತಿದ್ದರು. “ಒಳ್ಳೇ ಕೊಡೆ, ಒಂದು ಕಡ್ಡಿ ಹೋಗಿದೆ ಅಷ್ಟೇ.” ಅದೂ ಸಾಲದು ಅಂತ ವಾಕಿಂಗಿಗೆ ಹೋದಾಗ ಬೇರೆಯವರ ಪೆಟ್ಟಿಗೆಗಳನ್ನೂ ಬಗ್ಗಿ ನೋಡಿ, ಗಿಡ ಸವರುವ ಒಂದು ಗರಗಸ ತಂದಿಟ್ಟುಕೊಂಡರು. ಅದು ಈಗ ಶೆಟ್ಟಿಕೊಪ್ಪದಲ್ಲಿ ಕಾಫಿ ಗಿಡದ ಚಿಗುರು ತೆಗೆಯುತ್ತಿದೆ. ಸೊಸೆಯ ಪುಸ್ತಕಗಳಿಗೆ ಸೂಟ್‌ಕೇಸಿನಲ್ಲಿ ಜಾಗ ಸಾಲಲಿಲ್ಲ, ಗರಗಸಕ್ಕೆ ಸಾಕಾಯಿತು.

ನೆಲಮಾಳಿಗೆಯ ಗೂಡಿನಲ್ಲಿ ಖಾಲಿ ಬಾಟಲಿಗಳ ರಾಶಿ ಇತ್ತು. ಅಲ್ಲಿ ಬಾಟಲಿಗೆ ಠೇವಣಿ ಉಂಟು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೆ, ಡಬ್ಬಿಗೆ 25 ಸೆಂಟು, ಮರುಬಳಕೆಯ ಬಿಯರ್ ಬಾಟಲಿಗೆ 8 ಸೆಂಟು. ಅಂಗಡಿಯ ಗೋಡೆಯಲ್ಲಿರುವ ಯಂತ್ರದ ಬಾಯಿಗೆ ಕೊಟ್ಟರೆ ನುಂಗಿ ಚೀಟಿ ಉಗುಳುತ್ತದೆ. ಈ ಕೆಲಸ ಇವರಿಗೆ ಬಹಳ ಹಿಡಿಸಿತು. ಚೀಲ ಹೊತ್ತುಕೊಂಡು ಹೋಗಿ, ಚೀಟಿ ಹಿಡಿದುಕೊಂಡು ಬಂದು ಮಗನಿಗೆ ಲೆಕ್ಕ ಒಪ್ಪಿಸುತ್ತಿದ್ದರು. ಆ ಮಾಳಿಗೆಯ ಮೂಲೆಯಲ್ಲಿ 8 ಸೆಂಟಿನವೂ ಇದ್ದವು. ಎಷ್ಟಿದ್ದವೆಂದು ಇವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗ ಎರಡು ದಿನ ಅಪ್ಪನ ಎದುರು ಹೆಚ್ಚು ನಿಲ್ಲಲಿಲ್ಲ.

ಕಾಗದದ ಕಪಾಟು ಖಾಲಿ ಮಾಡುವಾಗ ನನ್ನ ಕೈಗೆ ಸೊಸೆಯ ಒಂದು ಫೈಲು ಬಂತು. ಅವಳು ಎಂ.ಟೆಕ್. ಮಾಡಿದವಳು, ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು. ಫೈಲಿನಲ್ಲಿ ಜರ್ಮನ್ ವ್ಯಾಕರಣ ಬರೆದು ತುಂಬಿಸಿದ ನೋಟ್‌ಬುಕ್ಕು, ಬಿ1 ಎಂಬ ಭಾಷಾ ಪರೀಕ್ಷೆ ಪಾಸಾದ ಪ್ರಮಾಣಪತ್ರ, ಅದರ ಕೆಳಗೆ ಒಂದರ ಮೇಲೊಂದು ಕೆಲಸದ ಅರ್ಜಿಗಳಿಗೆ ಬಂದ ಉತ್ತರ. ನನಗೆ ಜರ್ಮನ್ ಬರುವುದಿಲ್ಲ. ಆದರೆ ಎಲ್ಲ ಉತ್ತರಗಳೂ ಒಂದೇ ಉದ್ದ ಇದ್ದವು. ಮೇಷ್ಟರ ಕೆಲಸ ಮಾಡಿದವರಿಗೆ ಅಷ್ಟು ಸಾಕು. ದಿನಾಂಕ ನೋಡಿದರೆ ಕೆಲವು ಬಾಣಂತನದ ತಿಂಗಳುಗಳವು. ಆಗ ನಾನು ಅದೇ ಮನೆಯಲ್ಲಿ ಪಥ್ಯದ ಸಾರು ಕುದಿಸುತ್ತಿದ್ದೆ. ನಮಗೆ ಅವಳು ಹೇಳುತ್ತಿದ್ದದ್ದು “ಎಲ್ಲ ಚೆನ್ನಾಗಿದೆ ಅತ್ತೆ” ಎಂದಷ್ಟೇ. “ಇದನ್ನು ಎಂತ ಮಾಡಲಿ?” ಎಂದು ಕೇಳಿದೆ. “ಪ್ರಮಾಣಪತ್ರ ಇಟ್ಟುಕೊಂಡು ಉಳಿದದ್ದು ಕಾಗದದ ಕಸಕ್ಕೆ ಹಾಕಿ. ನೀಲಿ ಡಬ್ಬಿ ಅಲ್ಲ, ಹಸಿರದ್ದು” ಎಂದಳು. ಡಬ್ಬಿಯ ಬಣ್ಣದಲ್ಲಿ ಅವಳು ಯಾವತ್ತೂ ತಪ್ಪಿದವಳಲ್ಲ.

ಪಾತ್ರೆಗಳ ಗತಿ ಮಾತ್ರ ಚೆನ್ನಾಯಿತು. ಶೆಟ್ಟಿಕೊಪ್ಪ, ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬಹಳ. ರಬ್ಬರು ಹಾಕಿದವರು, ಶುಂಠಿ ಬೆಳೆದವರು. ಕೇರಳದಿಂದ ಜರ್ಮನಿಗೆ ನರ್ಸುಗಳು ಹೋಗಲಿಕ್ಕೆ ಶುರುವಾದದ್ದು 1960ರ ದಶಕದಲ್ಲಿ, ಚರ್ಚುಗಳ ಮೂಲಕ. ಆ ದಾರಿ ಈಗ ನಮ್ಮ ಊರಿನವರೆಗೂ ಬಂದಿದೆ. ನಮ್ಮ ಪಕ್ಕದ ರಬ್ಬರ್ ತೋಟದ ಚೇಚಿಯ ಮಗಳು ನನ್ನ ಹತ್ತಿರವೇ ಮೂರನೇ ಕ್ಲಾಸು ಓದಿದವಳು. ಅವಳೂ ಅದೇ ವರ್ಷ ಸ್ಟುಟ್‌ಗಾರ್ಟಿನ ಹತ್ತಿರದ ಊರೊಂದರ ಆಸ್ಪತ್ರೆಗೆ ನರ್ಸಾಗಿ ಬಂದಿದ್ದಳು. ರಜೆಯ ದಿನ ಬಂದು ಜಗಲಿಯೇ ಇಲ್ಲದ ಆ ಮನೆಯಲ್ಲಿ ನೆಲದ ಮೇಲೆ ಕೂತು, “ಟೀಚರೇ, ಕುಕ್ಕರ್ ಕೊಡ್ತೀರಾ?” ಅಂದಳು. ಕುಕ್ಕರು, ದೋಸೆ ಕಾವಲಿ, ಕಾಯಿ ತುರಿಯುವ ಮಣೆ, ಇಡ್ಲಿ ತಟ್ಟೆ, ಕೊನೆಗೆ ಉಪ್ಪಿನಕಾಯಿ ಜಾಡಿಯನ್ನೂ ಕಟ್ಟಿಕೊಟ್ಟೆವು. ತುರಿಮಣೆ ಕೊಪ್ಪದ ಸಂತೆಯಲ್ಲಿ ಕೊಂಡದ್ದು. ನಮ್ಮವರು ಮನೆ ಮುರಿಯುವ ಹೊತ್ತಿಗೆ ಅವಳು ಹೂಡುತ್ತಿದ್ದಳು. “ನೀನು ಯಾವಾಗ ವಾಪಸ್ಸು?” ಎಂದೆ. “ನಾನು ಬರಲ್ಲ ಟೀಚರೇ. ಅಮ್ಮನಿಗೆ ಹೇಳಬೇಡಿ” ಅಂದಳು. ಅವಳ ಅಮ್ಮ ನಾವು ಹೊರಡುವ ಮೊದಲೇ ನನಗೆ ಹೇಳಿದ್ದು: “ಅವಳಿನ್ನು ಬರಲ್ಲ ಟೀಚರೇ, ಗೊತ್ತು ನನಗೆ. ನೀವು ಕೇಳಲಿಕ್ಕೆ ಹೋಗಬೇಡಿ.”

ಹುಟ್ಟಿಗೆ, ಮದುವೆಗೆ, ಸಾವಿಗೆ ಇರುವಂತೆ ಊರು ಬಿಟ್ಟದ್ದಕ್ಕೂ ಅಲ್ಲೊಂದು ಸರ್ಟಿಫಿಕೇಟು ಇದೆ. ಹೊರಡುವ ಮುಂಚಿನ ಒಂದು ವಾರದಲ್ಲಿ ಅಥವಾ ಹೊರಟ ಎರಡು ವಾರದೊಳಗೆ ಮಾಡಿಸಬೇಕು. ಅದನ್ನು ತೋರಿಸಿದರೆ ಇಂಟರ್‌ನೆಟ್ಟು, ವಿಮೆ, ಪ್ರತಿ ಮನೆಯೂ ರೇಡಿಯೊ-ಟೀವಿಗೆಂದು ತಿಂಗಳಿಗೆ ಕಟ್ಟುವ 18.36 ಯೂರೊ, ಎಲ್ಲದರ ಗಂಟು ಬಿಚ್ಚುತ್ತ ಹೋಗುತ್ತದೆ. ಮಕ್ಕಳಿಗೆ ಸರಕಾರ ತಲಾ 255 ಯೂರೊ ಕೊಡುತ್ತಿತ್ತಲ್ಲ, ಅದೂ ನಿಲ್ಲುತ್ತದೆ.

ನಡುವೆ ಒಂದು ಶನಿವಾರ ನನ್ನ ಹಠಕ್ಕೆ ಟ್ಯೂಬಿಂಗೆನ್‌ಗೆ ಹೋಗಿ ಬಂದೆವು, ರೈಲಿನಲ್ಲಿ ಒಂದು ಗಂಟೆಯ ದಾರಿ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದವಳು ಅಷ್ಟು ಹತ್ತಿರ ಹೋಗಿ ಕಿಟೆಲ್ ತೀರಿಕೊಂಡ ಊರು ನೋಡದೆ ಬರುವುದು ಹೇಗೆ? 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ನಮ್ಮ ನಾಡಿಗೆ ಬಂದವರು, ನಡುವೆ ಆರೋಗ್ಯ ಕೆಟ್ಟು ಜರ್ಮನಿಗೆ ಹೋಗಿ ನಿಘಂಟಿಗಾಗಿ ಮತ್ತೆ ಬಂದವರು. 1894ರಲ್ಲಿ ಆ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಕೂಡ ಆ ಸೀಮೆಯವರೇ. ಧಾರವಾಡ, ಮಂಗಳೂರು, ಕೊಡಗಿನಲ್ಲಿ ಸಂಸಾರ ಹೂಡಿ, ಕಿತ್ತು, ಪೆಟ್ಟಿಗೆ ಕಟ್ಟಿ ಹಡಗು ಹತ್ತಿದ ಆ ಮನೆಗಳಲ್ಲಿ ಪಾತ್ರೆಪಡಗ ಯಾರಿಗೆ ಹಂಚಿದರೋ ಎಂದು ನೆಕ್ಕರ್ ಹೊಳೆಯ ಸೇತುವೆಯ ಮೇಲೆ ನಿಂತು ಯೋಚಿಸಿದೆ. ಮೊಮ್ಮಗನಿಗೆ ಕಿಟೆಲರಿಗಿಂತ ಬಾತುಕೋಳಿ ಮುಖ್ಯವಾಗಿತ್ತು. ಅಲ್ಲಿಂದ ಸ್ಟುಟ್‌ಗಾರ್ಟಿನ ರೈಲ್ವೆ ನಿಲ್ದಾಣಕ್ಕೆ ಬಂದು ಇಳಿದರೆ ತಗಡಿನ ಗೋಡೆಗಳ ನಡುವೆ ಫರ್ಲಾಂಗುಗಟ್ಟಲೆ ನಡಿಗೆ. ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕೆಲಸ 2010ರಲ್ಲಿ ಶುರುವಾದದ್ದು, 2019ಕ್ಕೆ ಮುಗಿಯುತ್ತದೆ ಎಂದಿದ್ದರು, ಇನ್ನೂ ಮುಗಿದಿಲ್ಲ. ನಮ್ಮ ಕಡೆಯ ರಸ್ತೆ ಕೆಲಸಗಳನ್ನು ಬೈಯುವುದನ್ನು ಇವರು ಅವತ್ತಿಗೆ ನಿಲ್ಲಿಸಿದರು, ಒಂದು ದಿನದ ಮಟ್ಟಿಗೆ.

ನವೆಂಬರ್ 11 ಮಾರ್ಟಿನ್ ಸಂತನ ದಿನ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿರುವುದರಿಂದ ಸಂಜೆ ಐದಕ್ಕೇ ಕತ್ತಲೆ. ಶಿಶುವಿಹಾರದ ಮಕ್ಕಳೆಲ್ಲ ತಾವೇ ಅಂಟಿಸಿದ ಕಾಗದದ ಲಾಂದ್ರ ಹಿಡಿದುಕೊಂಡು ಹಾಡುತ್ತ ಬೀದಿಯಲ್ಲಿ ಸಾಲಾಗಿ ಹೋಗುತ್ತಾರೆ. ನಮ್ಮವನ ಲಾಂದ್ರದ ಮೇಲೆ ಆನೆ. ಅವನು ಮಿಸ್ಸಿಗೆ, ತನ್ನ ಅಜ್ಜಿಯ ಮನೆ ತೋಟಕ್ಕೆ ರಾತ್ರಿ ಆನೆ ಬರುತ್ತದೆ, ಅಜ್ಜ ಪಟಾಕಿ ಹೊಡೆದು ಓಡಿಸುತ್ತಾನೆ ಎಂದು ಹೇಳಿದ್ದನಂತೆ. ಆಕೆ ನಕ್ಕು, ನಿಮ್ಮ ಹುಡುಗನ ಕಲ್ಪನೆ ಬಹಳ ಚೆನ್ನಾಗಿದೆ ಎಂದು ಸೊಸೆಯ ಹತ್ತಿರ ಹೊಗಳಿದಳು. ನರಸಿಂಹರಾಜಪುರ ತಾಲ್ಲೂಕಿನ ಯಾವ ರೈತನನ್ನು ಬೇಕಾದರೂ ಕೇಳಿ ನೋಡಲಿ, ಇದರಲ್ಲಿ ಕಲ್ಪನೆ ಎಷ್ಟಿದೆ ಅಂತ.

ಮನೆ ಒಪ್ಪಿಸುವ ದಿನ ಮನೆಯೊಡತಿ ಕೈಯಲ್ಲಿ ನಮೂನೆ ಹಿಡಿದುಕೊಂಡು, ಜೇಬಿನಲ್ಲಿ ಟಾರ್ಚಿಟ್ಟುಕೊಂಡು ಬಂದರು. ಕಿಟಕಿಯ ರಬ್ಬರಿನ ಸಂದಿಯಲ್ಲಿ ಬೆರಳಾಡಿಸಿದರು. ಬಚ್ಚಲಿನ ತೂತಿಗೆ ಟಾರ್ಚು ಬಿಟ್ಟರು. ನೀರಿನ, ಕರೆಂಟಿನ ಮೀಟರು ಓದಿ ಬರೆದುಕೊಂಡರು. ಮುಂಬಾಗಿಲು, ಮಾಳಿಗೆ, ಅಂಚೆ ಡಬ್ಬಿ, ಬೀಗದಕೈಗಳನ್ನು ಒಂದೊಂದಾಗಿ ಎಣಿಸಿಕೊಂಡರು. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಂತರು. ಗೋಡೆ ಬೆಳ್ಳಗಿತ್ತು, ಆದರೆ ಇಂಗಿನ ವಾಸನೆಗೆ ಬಣ್ಣ ಬಳಿಯಲಾಗುವುದಿಲ್ಲ. ಮೂಗು ಸಣ್ಣಗೆ ಅರಳಿಸಿ ಏನೋ ಒಂದು ಸಾಲು ಬರೆದರು. ಮೂರು ತಿಂಗಳ ಬಾಡಿಗೆಯ ಠೇವಣಿ ಅವರ ಕೈಯಲ್ಲಿತ್ತು, ಹಾಗಾಗಿ ನಾವೆಲ್ಲ ಇನ್‌ಸ್ಪೆಕ್ಟರು ಬಂದ ದಿನದ ಶಾಲೆಮಕ್ಕಳಾಗಿದ್ದೆವು. ಕಿರಿಯವಳಿಗೆ ಮಾತ್ರ ಖಾಲಿ ಕೋಣೆಯಲ್ಲಿ ಕೂಗಿದರೆ ತಿರುಗಿ ಕೂಗು ಬರುತ್ತದೆಂದು ಆಗಷ್ಟೇ ಗೊತ್ತಾಗಿತ್ತು. ಈ ಕೋಣೆಯಿಂದ ಆ ಕೋಣೆಗೆ ಓಡುತ್ತ ಕೂಗಿದ್ದೇ ಕೂಗಿದ್ದು. ಮನೆಯೊಡತಿ ಕೈಗಡಿಯಾರ ನೋಡಿದರು, ಮಧ್ಯಾಹ್ನ ಸದ್ದು ಮಾಡಬಾರದ ಹೊತ್ತು. ಯಾರೂ ಅವಳನ್ನು ತಡೆಯಲಿಲ್ಲ, ಅವರೂ ಏನೂ ಅನ್ನಲಿಲ್ಲ. ಆ ಮನೆಯಲ್ಲೊಂದು ಸಂಸಾರ ನಾಲ್ಕು ವರ್ಷ ಇತ್ತು, ಒಂದು ಮಗು ಆಸ್ಪತ್ರೆಯಿಂದ ಅಲ್ಲಿಗೆ ಬಂದು ಅಂಬೆಗಾಲಿಟ್ಟಿತು ಎಂಬುದಕ್ಕೆ ಗುರುತೇ ಉಳಿಯದಂತೆ ಮಾಡಿದ್ದಕ್ಕೆ ಮಗ, ಮನೆಯೊಡತಿ ಇಬ್ಬರೂ ರುಜು ಹಾಕಿದರು.

ಊರಿಗೆ ಬಂದ ಮೇಲೆ ಶೆಟ್ಟಿಕೊಪ್ಪದ ಬಸ್‌ಸ್ಟಾಪಿನಲ್ಲಿ, ಕೊಪ್ಪದ ಬ್ಯಾಂಕಿನಲ್ಲಿ, ಎಲ್ಲರೂ ಕೇಳುವುದು, “ಮಗ ಊರಿಗೆ ಬಂದನಂತಲ್ಲ ಟೀಚರೇ, ಸಂತೋಷ.” ಬಂದದ್ದು ಬೆಂಗಳೂರಿಗೆ. ಹನ್ನೊಂದನೇ ಅಂತಸ್ತಿನ ಫ್ಲ್ಯಾಟಿಗೆ. ನಮ್ಮಲ್ಲಿಗೆ ಅಲ್ಲಿಂದ ಒಂದು ರಾತ್ರಿಯ ಬಸ್ಸು. ಜರ್ಮನಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದದ್ದಕ್ಕಿಂತ ಏನೂ ಬಹಳ ಕಡಿಮೆ ಹೊತ್ತಲ್ಲ. ಸೊಸೆಗೆ ಕೆಲಸ ಸಿಕ್ಕಿದೆ. ನನಗೆ ಅದೇ ದೊಡ್ಡ ಸುದ್ದಿ, ಆದರೆ ಅದನ್ನು ಯಾರೂ ಕೇಳುವುದಿಲ್ಲ.

ಹೊರದೇಶದಲ್ಲಿ ಮಕ್ಕಳಿರುವ ನನ್ನ ಓರಗೆಯವರಿಗೆ ಒಂದು ಮಾತು ಹೇಳುತ್ತೇನೆ. ಬಾಣಂತನಕ್ಕೆ ಹೋಗಿ, ಬೇಡ ಅನ್ನುವುದಿಲ್ಲ. ಪ್ಯಾರಿಸ್ಸಿಗೂ ಹೋಗಿ ಬನ್ನಿ. ಆದರೆ ಅವರು ಮನೆ ಖಾಲಿ ಮಾಡುತ್ತಾರೆ ಎಂದು ಗೊತ್ತಾದರೆ ಆಗ ಮಾತ್ರ ತಪ್ಪಿಸಬೇಡಿ. ಮೂರು ತಿಂಗಳು ಮೊದಲೇ ಗೊತ್ತಾಗುತ್ತದೆ, ಕೂಡಲೇ ವೀಸಾಕ್ಕೆ ಅರ್ಜಿ ಹಾಕಿ. ತೋಟವನ್ನು ಚೇಣಿಗೆ ಕೊಡಿ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಪುಟ್ಟಿ ಹಚ್ಚಲಿಕ್ಕೆ ಬೇಕಾಗುತ್ತದೆ. ಬರುವಾಗ ಪೆಟ್ಟಿಗೆಯಲ್ಲಿ ಜಾಗ ಇಟ್ಟುಕೊಂಡಿರಿ. ನಿಮ್ಮ ಯಜಮಾನರು ಏನಾದರೂ ಹೆಕ್ಕಿಕೊಂಡು ಬಂದೇ ಬರುತ್ತಾರೆ.